ಪಕ್ಕದ ಮನೆ ಗಿಡಕ್ಕೆ ಅಜೀರ್ಣ

ಸ್ನೇಹಿತರೇ, ಅಮೆರಿಕದ ನಮ್ಮೂರು ಮಿಲ್ ಕ್ರೀಕ್‌ನಲ್ಲಿ ಇವತ್ತು ನಾನೇ ಗಿಡದ ಡಾಕ್ಟರ್. ಪಕ್ಕದ ಮನೆಯ ಡೇವ್ ಸೊಂಟನೋವಿಗೆ ಅಂತ ಪರ್ಮಿಟ್ ತಗೊಂಡು ಗ್ಯಾರೇಜಲ್ಲಿ ಗಾಂಜಾ ಬೆಳೀತಾರೆ. ನಮ್ಮ ಕಿಟಕಿಯ ಕರಿಬೇವು ನೋಡಿ, "ನನ್ನ ಗಿಡಾನೂ ನೋಡಿ, ಸಾಯ್ತಿದೆ" ಅಂತ ಕರೆದರು. ಊರಿಂದ ಬಂದಿರೋ ಅತ್ತೆಯೂ ಜೊತೆಗೆ ಬಂದರು.

ಎಲೆ ಕಡುಹಸಿರು, ತುದಿಗಳು ಮಾತ್ರ ಸುಟ್ಟು ಕಂದಾಗಿದ್ದವು. "ಗೊಬ್ಬರ ಜಾಸ್ತಿಯಾಗಿದೆ, ಬರೀ ನೀರು ಹಾಕಿ" ಅಂದೆ.

"ಸೊರಗಿದೆ ಅಂತ ನಿನ್ನೆ ಡಬಲ್ ಹಾಕಿದೆ" ಅಂದರು ಡೇವ್.

"ಅಜೀರ್ಣ ಆದವರಿಗೆ ಬಲವಂತವಾಗಿ ಬಡಿಸ್ತೀರಾ? ಮೊದಲು ಆ ಗೊಬ್ಬರದ ಬಾಟಲಿ ಒಳಗಿಡಿ" ಅಂತ ಗದರಿದೆ. ತೆಪ್ಪಗೆ ಎತ್ತಿಟ್ಟರು.

ಅತ್ತೆಗೆ ನಾನು ಹೇಳಿದ್ದು ಸೊಂಟನೋವಿನ ಔಷಧಿ ಗಿಡ ಅಂತ ಅಷ್ಟೆ. ಹೊರಡುವಾಗ ಅವರು ಮೆಲ್ಲಗೆ ಅಂದರು: "ಒಂದು ಕಡ್ಡಿ ಕೇಳೇ, ತುಳಸಿ ಪಕ್ಕ ನೆಡೋಣ. ನಂಗೂ ಸೊಂಟನೋವು ಇದೆಯಲ್ಲ."