ನಾಣ್ಯದ ಎರಡನೆಯ ಅಕ್ಷರ

ಮೇಷ್ಟ್ರ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಬಲಗೈಯದೋ ಎಡಗೈಯದೋ, ಆಣೆ ಮಾಡಿ ಹೇಳಲಾರೆ. ಅವರ ಬಗ್ಗೆ ಬರೆಯಲು ಕೂತಾಗಲೆಲ್ಲ ಹೀಗೇ ಆಗುತ್ತದೆ. ಯಾವುದು ನಾನು ಕಂಡದ್ದು, ಯಾವುದು ಆಮೇಲೆ ಸೇರಿಸಿಕೊಂಡದ್ದು ಎಂದು ಬಿಡಿಸಲಾಗುವುದಿಲ್ಲ.

ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ನನಗೆ ಚರಿತ್ರೆ ಕಲಿಸಿದವರು ಅವರು. ಯಾರು ಏನೇ ಹೇಳಲಿ, "ಯಾರು ನೋಡಿದ್ರು?" ಎನ್ನುವರು. ನಮ್ಮನ್ನು ಮಾಕಳಿದುರ್ಗ ಹತ್ತಿಸಿದಾಗ, ಕುರಿ ಕಾಯುತ್ತಿದ್ದವನೊಬ್ಬ ಅಲ್ಲಿಂದ ನಂದಿಬೆಟ್ಟಕ್ಕೆ ಸುರಂಗವಿದೆ ಎಂದ.

"ನೀನು ಅದ್ರಲ್ಲಿ ಹೋಗಿದ್ದೀಯೇನಪ್ಪಾ?"

"ನಮ್ ತಾತ ಹೋಗಿದ್ರಂತೆ ಸಾರ್."

"ವಾಪಸ್ ಬಂದ್ರಾ?"

ಅವನೂ ನಕ್ಕುಬಿಟ್ಟ.

ಮೇಷ್ಟ್ರ ಮನೆಯ ದೇವರ ಗೂಡಿನಲ್ಲಿ ಒಂದು ಪುಟ್ಟ ಕಂಚಿನ ನಾಣ್ಯವಿತ್ತು. ಅವರ ಹೆಂಡತಿ, ನಾವೆಲ್ಲ ಅಮ್ಮ ಎನ್ನುತ್ತಿದ್ದವರು, ವಿಜಯಪುರದ ತವರಿನಿಂದ ತಂದದ್ದು. ಅದರ ಮೇಲೆ ರೆಕ್ಕೆಯಿರುವ ಹೆಂಗಸೊಬ್ಬಳು ಸೆರೆಯಾಳನ್ನು ಎಳೆದೊಯ್ಯುತ್ತಿದ್ದಳು. ರೋಮನ್ನರ ವಿಜಯದೇವತೆ. ಅಮ್ಮನಿಗೆ ಮಾತ್ರ ಲಕ್ಷ್ಮಿ. ವರಮಹಾಲಕ್ಷ್ಮಿ ಹಬ್ಬಕ್ಕೆ ದೀಪ, ಚೊಂಬುಗಳ ಜೊತೆ ಅದನ್ನೂ ಹುಣಸೆಹಣ್ಣಿನಲ್ಲಿ ತಿಕ್ಕಿ ಫಳಫಳ ಮಾಡುವರು.

"ಅವಳು ಲಕ್ಷ್ಮಿ ಅಲ್ಲ ಕಣೇ, ರೆಕ್ಕೆ ನೋಡು."

"ರೆಕ್ಕೆ ಇಲ್ದೆ ಅಷ್ಟು ದೂರದಿಂದ ನಮ್ಮನೆಗೆ ಹೆಂಗೆ ಬರ್ತಿದ್ಲು?"

ಸೆರೆಯಾಳಿನ ಕೊರಳಿನಿಂದ ನಾಣ್ಯದ ಅಂಚಿನವರೆಗೆ ಒಂದು ಉಬ್ಬುಗೆರೆ ಇತ್ತು. ಬಿರುಕು ಬಿಟ್ಟ ಅಚ್ಚಿನ ಗುರುತು ಅದು; ಆ ಅಚ್ಚಿನಲ್ಲಿ ಆಮೇಲೆ ಹೊಡೆದ ನಾಣ್ಯಗಳಲ್ಲೆಲ್ಲ ಮೂಡಿರುತ್ತದೆ. ಚಿತ್ರದ ಕೆಳಗೆ, ನಾಣ್ಯ ಯಾವ ಊರಿನ ಟಂಕಸಾಲೆಯದು ಎಂದು ತಿಳಿಸುವ ರೋಮನ್ ಅಕ್ಷರಗಳು. ಆಗ ಮೇಷ್ಟ್ರ ಕಣ್ಣಿಗೆ ಪೊರೆ ಬಂದಿತ್ತು. ಭೂತಗನ್ನಡಿಯನ್ನು ನನಗೆ ಕೊಟ್ಟು ನೋಡು ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ತಡೆದರು. "ಹೇಳ್ಬೇಡ. ಆಪರೇಷನ್ ಆಗ್ಲಿ, ನಾನೇ ನೋಡ್ತೀನಿ."

ಆಪರೇಷನ್ ಮುಂದಕ್ಕೆ ಹೋಗುತ್ತಲೇ ಇತ್ತು, ಹಬ್ಬ ನಿಲ್ಲಲಿಲ್ಲ. ಕಣ್ಣು ತಿಳಿಯಾದ ಮೇಲೆ ಮೇಷ್ಟ್ರು ನೋಡಿದರೆ ಮೊದಲ ಅಕ್ಷರ 'ಎ' ಮಾತ್ರ ಉಳಿದಿತ್ತು. ಮುಂದಿನದು 'ಎನ್' ಆಗಿದ್ದರೆ ಆಂಟಿಯೋಕ್, 'ಎಲ್' ಆಗಿದ್ದರೆ ಅಲೆಕ್ಸಾಂಡ್ರಿಯಾ. ಹುಣಸೆಹಣ್ಣು ಅದನ್ನು ತಿಂದುಹಾಕಿತ್ತು.

ನಾನು ಆ ಮಾತೆತ್ತಿದಾಗ ಅವರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಸುಮ್ನಿರೋ. ಅವಳ ಕಿವಿಗೆ ಬಿದ್ರೆ ಸಾಯೋವರೆಗೂ ಕೊರಗ್ತಾಳೆ." ಮುಂದಿನ ಹಬ್ಬದಿಂದ, ಅಮ್ಮನಿಗೆ ‘ನಿನಗೆ ಮಂಡಿನೋವು’ ಎಂಬ ನೆಪ ಹೇಳಿ ತಾವೇ ಹಿತ್ತಲಲ್ಲಿ ಕೂತು ಪೂಜೆಯ ಸಾಮಾನೆಲ್ಲ ತಿಕ್ಕತೊಡಗಿದರು. ನಾಣ್ಯವನ್ನು ಮಾತ್ರ ನೀರಲ್ಲಿ ಅದ್ದಿ ಬಟ್ಟೆಯಿಂದ ಒತ್ತುವರು.

"ಗಂಡಸರ ಕೈಗೆ ಕೊಟ್ರೆ ಇಷ್ಟೇ. ಲಕ್ಷ್ಮಿ ಕಪ್ಪಗಾಗ್ಬಿಟ್ಳು," ಎಂದು ಅಮ್ಮ ನನ್ನೆದುರೇ ಅಣಕಿಸಿದರು. ಮೇಷ್ಟ್ರು ಸುಮ್ಮನೆ ಅನ್ನಿಸಿಕೊಂಡರು.

ಆಮೇಲೆ ಕಿಡ್ನಿ ಕೈಕೊಟ್ಟಿತು. ಒಂದು ಮಧ್ಯಾಹ್ನ ಡಯಾಲಿಸಿಸ್ ಮುಗಿಸಿಕೊಂಡು ಬಂದು ಮಲಗಿದ್ದವರು ತಾವಾಗಿಯೇ ಕೇಳಿದರು: "ಅವತ್ತು ನೀನು ನೋಡಿದ್ಯಲ್ಲ. ಏನಿತ್ತೋ?"

"ಎ ಆದ್ಮೇಲೆ ಎನ್ ಸಾರ್. ಆಂಟಿಯೋಕ್."

"ಖಂಡಿತಾನಾ?"

ಹೌದು ಎನ್ನಲಿ ಎಂಬ ಆಸೆ ಆ ಮುಖದಲ್ಲಿ ಬರಿಗಣ್ಣಿಗೇ ಕಾಣುತ್ತಿತ್ತು. ಅದನ್ನು ಅಷ್ಟು ಸ್ಪಷ್ಟವಾಗಿ ನಾನು ಹಿಂದೆಂದೂ ಕಂಡಿರಲಿಲ್ಲ. "ಹಂಗಂತ ನೆನಪು ಸಾರ್," ಎಂದೆ.

"ನೆನಪಾದ್ರೆ ಬೇಡಪ್ಪ. ಗೊತ್ತಿಲ್ಲ ಅಂತ್ಲೇ ಇರ್ಲಿ. ಅದೇ ಬಿರುಕು ಅಚ್ಚಲ್ಲಿ ಹೊಡೆದಿದ್ದು ಇನ್ನೊಂದು ಎಲ್ಲಾದ್ರೂ ಇರುತ್ತೆ. ಹುಡುಕು."

ಅದು ಸಿಗುವ ಮುಂಚೆಯೇ ಅವರು ಹೋದರು. ಮಣ್ಣು ಮಾಡಿದ ದಿನ ಬಿಸಿಲಿತ್ತೋ ಮೋಡವಿತ್ತೋ, ಅದೂ ನೆನಪಿಲ್ಲ.

ಅವರ ವರ್ಷಾಬ್ದಿಕ ಕಳೆದ ಮೇಲೆ, ಹೊರದೇಶದ ವಸ್ತುಸಂಗ್ರಹಾಲಯವೊಂದರ ಚಿತ್ರಗಳಲ್ಲಿ ಅದೇ ರೆಕ್ಕೆ, ಅದೇ ಸೆರೆಯಾಳು, ಕೊರಳಿನಿಂದ ಅಂಚಿನವರೆಗೆ ಅದೇ ಉಬ್ಬುಗೆರೆ ಕಂಡವು. ಅಮ್ಮನ ನಾಣ್ಯವನ್ನು ಪಕ್ಕದಲ್ಲಿಟ್ಟು ಗೆರೆಗೆ ಗೆರೆ ತಾಳೆ ನೋಡಿದೆ. ನಾಣ್ಯಗಳ ವಿಷಯ ತಿಳಿದ ಇಬ್ಬರಿಗೂ ತೋರಿಸಿದೆ. ಅಚ್ಚು ಒಂದೇ. ಸಂಗ್ರಹಾಲಯದ ನಾಣ್ಯದಲ್ಲಿ ಅಕ್ಷರಗಳು ಅಳಿದಿಲ್ಲ. ಮೊದಲನೆಯದು 'ಎ'. ಎರಡನೆಯದು 'ಎಲ್'. ಅಲೆಕ್ಸಾಂಡ್ರಿಯಾ.