ಮೊದಲ ಚಮಚ ಚಿಕ್ಕಮ್ಮನದು

ಬೆಳಗಿನ ಐದೂಕಾಲು. ಹೆಲ್ವಿ ಲಂಪೇಲ ಬಾರ್ಲಿ ಗಂಜಿ ತಿರುವುತ್ತಿದ್ದಾರೆ. ಅಡುಗೆಮನೆಯ ಬಾಗಿಲಲ್ಲಿ ಅವರ ಅಕ್ಕನ ಮಗಳು, ಇಪ್ಪತ್ತೊಂದರ ಇಲೋನ, ನಿಂತಿದ್ದಾಳೆ.

“ನೆಲದ ಕೆಳಗಿನವ್ರು ಗಂಜಿ ತಿನ್ಬೇಡ ಅಂತಿದಾರೆ. ನಿಂಗೆ ಕೇಳಿಸ್ತಾ ಚಿಕ್ಕಮ್ಮ?”

ಹೆಲ್ವಿ ಒಲೆ ಆರಿಸಿ ಅವಳ ಕಡೆ ತಿರುಗುತ್ತಾರೆ. “ನಂಗೆ ಕೇಳಿಸ್ಲಿಲ್ಲ. ನಿಂಗೆ ಕೇಳಿಸಿದೆ. ಇನ್ನೇನಂದ್ರು?”

“ಸೀದಿದೆ ಅಂದ್ರು.”

“ಅದೇನೋ ನಿಜ. ತಳ ಹಿಡಿದಿದೆ.”

ಮೊದಲ ಚಮಚ ಹೆಲ್ವಿ ತಿನ್ನುತ್ತಾರೆ. ಆಮೇಲಷ್ಟೇ ಇಲೋನ ಬಟ್ಟಲಿಗೆ ಕೈ ಹಾಕುತ್ತಾಳೆ.

ಫಿನ್ಲೆಂಡಿನ ಈ ನದೀತೀರದ ಊರಿನಲ್ಲಿ ಹೆಲ್ವಿ ಎಂದರೆ ಶಾಲೆಯ ಅಡುಗೆಯವರು, ತೊಂಬತ್ತೆರಡು ಮಕ್ಕಳಿಗೆ ಬಡಿಸುವವರು. ಮಧ್ಯಾಹ್ನ ಅವರು ಹಿಮದ ಮೇಲೆ ಕಾಲಿನಿಂದ ಒದ್ದು ಓಡಿಸುವ ಜಾರುಗಾಡಿಯಲ್ಲಿ ಒಂದೂವರೆ ಕಿಲೋಮೀಟರ್ ಮನೆಗೆ ಓಡುವುದೇಕೆಂದು ಕೇಳಿದವರಿಲ್ಲ. ಅವರು ಜೊತೆಗೆ ಕೂತು ತಿನ್ನದಿದ್ದರೆ ಇಲೋನ ಉಪವಾಸ. “ಶಾಲೇಲಿ ಒಂದೂಟ, ಮನೇಲಿ ಒಂದೂಟ. ನಾಲ್ಕು ವರ್ಷಕ್ಕೆ ಹನ್ನೊಂದು ಕಿಲೋ ಏರಿದೀನಿ. ಮಂಡಿ ಕೇಳ್ಬೇಕಲ್ಲ?”

ಮಂಡಿ ಕೇಳುತ್ತಿಲ್ಲ. ಶಸ್ತ್ರಚಿಕಿತ್ಸೆಯನ್ನು ಎರಡು ಸಲ ಮುಂದೂಡಿದ್ದಾರೆ. ಮುಂದಿನ ತಿಂಗಳು ಐದು ದಿನ ಆಸ್ಪತ್ರೆಯಲ್ಲಿ ಇರಲೇಬೇಕು. ಆ ಐದು ದಿನ ಇಲೋನ ಒಬ್ಬಳೇ ಉಣ್ಣದಿದ್ದರೆ ಅವಳು ಮನೋರೋಗಿಗಳ ವಾರ್ಡಿಗೆ ಹೋಗಬೇಕಾದೀತು.

‘ನಿಂಗೆ ಕೇಳಿಸ್ತಾ?’ ಎಂಬ ಅದೇ ಪ್ರಶ್ನೆಗೆ ದಿನವೂ ಅದೇ ತಾಳ್ಮೆಯ ಉತ್ತರ ಯಾಕೆ ಎಂಬುದು ನನ್ನ ಕುತೂಹಲ. ಹೆಲ್ವಿಯ ಬಗ್ಗೆ ಬರೆಯಲು ಬಂದು ಕೂತಿರುವ ನಾನು ಈ ಊರಿಗೆ ಹೊರಗಿನಿಂದ ಬಂದು ಇಪ್ಪತ್ತು ವರ್ಷವಾಯಿತು. ಎರಡು ಲೋಟ ಕಾಫಿ ಮುಗಿಯುವವರೆಗೆ ತುಟಿ ಬಿಚ್ಚದೆ ಕೂತು, ‘ಚೆನ್ನಾಗಿತ್ತು’ ಎಂದು ಎದ್ದುಹೋಗುವ ಜನ ಇವರು. ಹೆಲ್ವಿಯೂ ಹಾಗೆಯೇ ಇದ್ದರು. ಅಕ್ಕ ತೀರಿಕೊಂಡ ಮರುವರ್ಷ ಇಲೋನಳಿಗೆ ದನಿಗಳು ಕೇಳತೊಡಗಿದವು. ‘ನಿಂಗೂ ಕೇಳಿಸ್ತಾ?’ ಎಂದಾಗಲೆಲ್ಲ ಹೆಲ್ವಿ ಮರ್ಯಾದೆಗೆ ಸುಮ್ಮನಿದ್ದು ಕಾಫಿ ಬಗ್ಗಿಸುತ್ತಿದ್ದರು.

“ಮಾತು ಬೆಳ್ಳಿ, ಮೌನ ಬಂಗಾರ ಅಂತ ಬೆಳೆದೋಳು ನಾನು. ಆ ಬಂಗಾರಾನೇ ಕುತ್ತಿಗೆಗೆ ಬಂತು.”

ಚಿಕ್ಕಮ್ಮನಿಗೂ ಕೇಳುತ್ತದೆ, ಬೇಕೆಂದೇ ಮುಚ್ಚಿಡುತ್ತಾಳೆ ಎಂದುಕೊಂಡಳು ಇಲೋನ. ಒಂದು ಏಪ್ರಿಲ್ ಬೆಳಿಗ್ಗೆ ಬರೀ ಕಾಲುಚೀಲದಲ್ಲಿ, ಕರಗುತ್ತಿದ್ದ ನದಿಯ ಮಂಜುಗಡ್ಡೆಯ ಮೇಲೆ ಆಚೆ ದಡದ ಸ್ವೀಡನ್ ಕಡೆಗೆ ನಡೆದುಬಿಟ್ಟಳು. ನೆರೆಯವರು ಕಂಡು ಎಳೆದು ತಂದರು.

ಆ ವಾರ ವೈದ್ಯರೂ ದಾದಿಯರೂ ಮನೆಗೇ ಬಂದು ಇದೇ ಮೇಜಿನ ಸುತ್ತ ಕೂತರು. ಇಲೋನಳ ಬೆನ್ನ ಹಿಂದೆ ಅವಳ ವಿಷಯ ಮಾತಾಡಬಾರದೆಂಬುದು ಅವರ ಕಟ್ಟಳೆ. ಚಿಕ್ಕಮ್ಮ ಕೇಳಿಸಿದ್ದನ್ನು ಮುಚ್ಚಿಡುತ್ತಾಳೆ ಎಂದು ಅವಳು ಎಲ್ಲರೆದುರು ಆರೋಪ ಹೊರಿಸಿದಳು. ಹೆಲ್ವಿ ಮೊದಲ ಸಲ ಬಾಯಿಬಿಟ್ಟರು: “ನಂಗೇನೂ ಕೇಳ್ಸಲ್ಲ ಕಣೇ. ಏನು ಹೇಳ್ಬೇಕೋ ಗೊತ್ತಾಗ್ದೆ ಸುಮ್ನಿದ್ದೆ.” ಆಗ ದಿನಕ್ಕೆ ಮೂವತ್ತು ಸಲ ಬರುತ್ತಿದ್ದ ಪ್ರಶ್ನೆ ಈಗ ನಾಲ್ಕೈದಕ್ಕೆ ಇಳಿದಿದೆ.

ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. ಹೆಲ್ವಿ ತಲೆಯಾಡಿಸಿ ಇಲೋನಳನ್ನು ಒಳಗೆ ಕರೆಯುತ್ತಾರೆ. “ಇವಳ ವಿಷ್ಯ, ಇವಳೂ ಕೇಳ್ಲಿ.” ಅವಳು ಕೂತ ಮೇಲೆ ಹೇಳುತ್ತಾರೆ: “ನಾನಿಲ್ದಾಗ ಇವಳು ಒಂದೇ ಒಂದು ಸಲ ತಾನೇ ಬಡಿಸ್ಕೊಂಡು ತಿಂದ್ರೆ ಸಾಕು.”

“ನಿನ್ನೆ ಸಂಜೆ ತಿಂದೆ, ನೀನು ಶಾಲೆ ಮೀಟಿಂಗಿಗೆ ಹೋಗಿದ್ದಾಗ” ಎನ್ನುತ್ತಾಳೆ ಇಲೋನ. “ನೀನು ಕೇಳ್ಲೇ ಇಲ್ಲ.”

ಹೆಲ್ವಿ ಮೇಜಿನಂಚು ಹಿಡಿದುಕೊಳ್ಳುತ್ತಾರೆ. “ಉಪ್ಪು ಸರಿಯಿತ್ತಾ?”

“ಕಮ್ಮಿ ಇತ್ತು. ಹಾಕ್ಕೊಂಡೆ.”