ಎರಡನೆಯ ಮಗನನ್ನು ಕಳಿಸಿಕೊಟ್ಟ ದಿನ

ಹಿಮ ಬಿದ್ದ ದಿನ ನೆಬೆಕರ್ ಮನೆಯಲ್ಲಿ ಸ್ಟೀರಿಂಗ್ ಹಿಡಿಯುವವಳು ಜಾನಲೀ ಒಬ್ಬಳೇ. ಗಂಡ ವೆರ್ಲಿನ್ ಇನ್ನೂರು ದನಗಳಿಗೆ ಹುಲ್ಲು ಹಾಕಲು ಟ್ರ್ಯಾಕ್ಟರ್ ಓಡಿಸುವುದರಲ್ಲಿ ಗಟ್ಟಿಗ. ಆದರೆ ಮಂಜುಗಟ್ಟಿದ ತಿರುವಿನಲ್ಲಿ ಅವನ ಕಾಲು ಬ್ರೇಕಿನ ಮೇಲೆ ದಬಕ್ಕನೆ ಬೀಳುತ್ತಿತ್ತು. ಅವಳು ಹತ್ತೊಂಬತ್ತು ವರ್ಷಗಳಿಂದ ಐಡಾಹೋದ ಬೇರ್ ಲೇಕ್ ಕಣಿವೆಯಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಒಂದು ಕಣ್ಣು ರಸ್ತೆಯ ಮೇಲೆ, ಇನ್ನೊಂದು ತಲೆಯ ಮೇಲಿನ ಕನ್ನಡಿಯಲ್ಲಿ. ಯಾವ ಮಗು ತಿಂಡಿ ತಿನ್ನದೆ ಬಂದಿದೆ, ಯಾವುದು ಅತ್ತು ಬಂದಿದೆ ಎಂಬುದು ಅವು ಮೆಟ್ಟಿಲು ಹತ್ತುವಾಗಲೇ ಅವಳಿಗೆ ತಿಳಿದುಹೋಗುತ್ತಿತ್ತು.

ಹಾಗಾಗಿ ಎರಡನೆಯ ಮಗ ಹೈರಮ್ ಎರಡು ವಾರದಿಂದ ಸರಿಯಾಗಿ ಉಣ್ಣುತ್ತಿಲ್ಲ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಹುಡುಗನಿಗೆ ಹತ್ತೊಂಬತ್ತು ತುಂಬಿತ್ತು. ಜನವರಿಯ ಆ ಬುಧವಾರ ಮಧ್ಯಾಹ್ನ ಒಂದು ಗಂಟೆಯೊಳಗೆ ಪ್ರೋವೋದಲ್ಲಿರುವ ತರಬೇತಿ ಕೇಂದ್ರ ಸೇರಬೇಕು. ಅಲ್ಲಿ ಭಾಷೆ ಕಲಿತು ಮಡಗಾಸ್ಕರ್‌ಗೆ ಹೋಗಿ, ಎರಡು ವರ್ಷ ಒಬ್ಬ ಜೊತೆಗಾರನೊಂದಿಗೆ ಮನೆಮನೆ ತಿರುಗಿ ಧರ್ಮ ಸಾರಬೇಕು. ಮನೆಗೆ ಫೋನು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೊಂದು, ತಾಯಂದಿರ ದಿನಕ್ಕೊಂದು. ಆ ಕಣಿವೆಯ ಮಾರ್ಮನ್ ಎಂಬ ಕ್ರೈಸ್ತ ಪಂಥದ ಮನೆಗಳಲ್ಲಿ ಗಂಡುಮಕ್ಕಳು ಹೊರಡುವುದು ಹೀಗೆಯೇ. ತಾತ ಆರ್ವಲ್ ಡೆನ್ಮಾರ್ಕಿಗೆ ಹೋಗಿ ಬಂದವರು. ವೆರ್ಲಿನ್ ಚಿಲಿಗೆ ಹೋಗಿ ಬಂದವನು.

ದೊಡ್ಡ ಮಗ ಕೋಲ್ಬಿ ನಾಲ್ಕು ವರ್ಷಗಳ ಹಿಂದೆ ಕೆನಡಾದ ವಿನಿಪೆಗ್‌ಗೆ ಹೋಗಿದ್ದ. ಹನ್ನೊಂದನೆಯ ವಾರ ವಾಪಸು ಬಂದ. ಜೊತೆಗಾರ ಹುಡುಕಿಕೊಂಡು ಹೋದಾಗ ಅವನು ನದಿಯ ದಡದ ಹಿಮದಲ್ಲಿ ಬರಿಗಾಲಲ್ಲಿ ಕೂತಿದ್ದನಂತೆ. ಮನೆಗೆ ಬಂದವನಿಗೆ ಸೂಪಿನ ಬಟ್ಟಲನ್ನು ಜಾನಲೀಯೇ ಹಿಡಿದು ಕುಡಿಸಬೇಕಾಯಿತು. ಪ್ರಾರ್ಥನಾಮಂದಿರದ ಮೊಗಸಾಲೆಯಲ್ಲಿ ಹೊರದೇಶಕ್ಕೆ ಹೋದ ಹುಡುಗರ ಫೋಟೋ ಹಾಕುವ ಹಲಗೆಯಿಂದ ಅದೇ ವಾರ ಅವನ ಫೋಟೋ ಮಾಯವಾಯಿತು. ತೆಗೆದವರು ಯಾರೆಂದು ಯಾರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಕೋಲ್ಬಿ ಊರಿನ ಟೈರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಅಂದಿನಿಂದ ವೆರ್ಲಿನ್ ಅವನೊಂದಿಗೆ ದನದ ವಿಷಯ, ಟೈರಿನ ವಿಷಯ ಬಿಟ್ಟು ಬೇರೆ ಮಾತಾಡಿರಲಿಲ್ಲ.

ಜಾನಲೀ ಒಬ್ಬಳಿಗೇ ಗೊತ್ತಿದ್ದ ಒಂದು ಸಂಗತಿಯಿತ್ತು. ಕೋಲ್ಬಿ ಬರುವ ಮುಂಚೆ ಮನೆಗೆ ನಾಲ್ಕು ಸಲ ಫೋನ್ ಮಾಡಿದ್ದ. ನಾಲ್ಕು ಸಲವೂ ಎತ್ತಿದವಳು ಅವಳೇ. ಅವನು ಅತ್ತ. ಅವಳು ನಾಲ್ಕು ಸಲವೂ ಒಂದೇ ಮಾತು ಹೇಳಿದಳು: ಇನ್ನೊಂದು ವಾರ ನೋಡು, ನಿನ್ನ ಚಿಂತೆ ಬಿಟ್ಟು ಕೆಲಸಕ್ಕಿಳಿ, ಸರಿಹೋಗುತ್ತೆ. ನಾಲ್ಕನೆಯ ಸಲ ಅವನ ಅಳು ನಿಲ್ಲುವ ಮುಂಚೆಯೇ ಅವಳು ಫೋನ್ ಇಟ್ಟಿದ್ದಳು. ಗಂಡನಿಗೆ ಒಂದೇ ಸಲ ಬಂದಿತ್ತು ಎಂದಿದ್ದಳು.

ಹೈರಮ್ ಹೊರಡುವ ಮುಂಚಿನ ಭಾನುವಾರ ಮನೆ ತುಂಬ ಜನ. ಹಂದಿಮಾಂಸ, ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆ, ಹಸಿರು ಜೆಲ್ಲಿ. ಚಿಕ್ಕಪ್ಪಂದಿರು ಒಬ್ಬರಾದ ಮೇಲೊಬ್ಬರು ತಮ್ಮ ತಮ್ಮ ಎರಡು ವರ್ಷದ ಕಥೆ ತೆಗೆದರು.

"ಹೋಗಿದ್ದೂ ಗೊತ್ತಾಗಲ್ಲ, ಬಂದಿದ್ದೂ ಗೊತ್ತಾಗಲ್ಲ ಕಣೋ," ಎಂದ ಒಬ್ಬ. "ವಾಪಸ್ ಬರೋವಾಗ ನೀನೇ ಅಳ್ತೀಯ, ನೋಡ್ತಿರು."

"ಮಡಗಾಸ್ಕರ್‌ನಲ್ಲಿ ದಿನಾ ಮೂರು ಹೊತ್ತೂ ಅನ್ನವಂತೆ," ಎಂದಳು ಹೈರಮ್‌ನ ಸೋದರತ್ತೆ, ಅವನ ಕೊರಳಿಗೆ ಹೊಸ ಟೈ ಹಿಡಿದು ನೋಡುತ್ತ. "ಹೀಗೇ ಕಡ್ಡಿ ಹಾಗೆ ಹೋಗಿ, ಗುಂಡಗಾಗಿ ಬಾ."

ಆರ್ವಲ್ ತಾತ ಕೋಲೂರಿ ಎದ್ದು ನಿಂತರು. ಎಂಬತ್ತು ದಾಟಿದ ಮುದುಕರು, ಆದರೆ ದನಿ ಗಟ್ಟಿ. "ಹೈರಮ್, ನಮ್ಮನೆ ಗಂಡಸರು ಒಂದು ಕೆಲಸಕ್ಕೆ ಅಂತ ಹೋದ್ರೆ ಮುಗಿಸಿಯೇ ಬರೋದು. ನೆನಪಿಟ್ಕೊ."

ಆಲೂಗಡ್ಡೆಯ ತಟ್ಟೆಯನ್ನು ಪಕ್ಕಕ್ಕೆ ದಾಟಿಸುತ್ತಿದ್ದ ಕೋಲ್ಬಿ ತಲೆ ಎತ್ತಿದ. "ನಾನೂ ಮುಗಿಸಿಯೇ ಬಂದೆ ತಾತ. ಸ್ವಲ್ಪ ಬೇಗ ಮುಗಿಸಿದೆ, ಅಷ್ಟೆ."

ನಗಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಒಬ್ಬ ಚಿಕ್ಕಪ್ಪ ಕೆಮ್ಮಿದ. ಜಾನಲೀ ನೋಡಿದ್ದು ಹೈರಮ್‌ನನ್ನು. ಅವನು ಮೇಜಿನ ಕೆಳಗೆ ಹೆಬ್ಬೆರಳಿನ ಸಿಪ್ಪೆ ಕೀಳುತ್ತಿದ್ದ. ರಕ್ತ ಬಂದಿತ್ತು.

ಮಂಗಳವಾರ ಅಡುಗೆಮನೆಯಲ್ಲಿ ವೆರ್ಲಿನ್ ಅವಳ ಪಕ್ಕ ಬಂದು ನಿಂತ. "ಹುಡುಗನ ತಲೇಲಿ ವಾಪಸ್ ಬರೋ ಮಾತು ಹಾಕ್ಬೇಡ, ಜಾನಲೀ. ಧೈರ್ಯದ ಮಾತು ಹೇಳು, ಸಾಕು."

"ಅವನು ಉಣ್ತಿಲ್ಲ ವೆರ್ಲಿನ್."

"ನಾನೂ ಉಂಡಿರ್ಲಿಲ್ಲ. ಹೊರಡೋ ಮುಂಚೆ ಯಾರು ಉಣ್ತಾರೆ? ಮಾತು ಕೊಡು."

ಅವಳು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಮಾತು ಕೊಡಲಿಲ್ಲ. ಆಗೋದಿಲ್ಲ ಎಂದೂ ಹೇಳಲಿಲ್ಲ.

ಬುಧವಾರ ಬೆಳಿಗ್ಗೆ ಎಂಟಕ್ಕೆ ಗಾಡಿಗೆ ಸೂಟ್‌ಕೇಸು ಹಾಕುತ್ತಿರುವಾಗ ಕೋಲ್ಬಿ ಬಂದ. ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಚೈನುಗಳನ್ನು ಹಿಂದೆ ಎಸೆದು, ತಾನೂ ಹಿಂದಿನ ಸೀಟಿನಲ್ಲಿ ತಮ್ಮನ ಪಕ್ಕ ಕೂತ.

"ನಿಂಗೆ ಕೆಲಸ ಇಲ್ವಾ?" ಎಂದ ವೆರ್ಲಿನ್.

"ರಜ ಹಾಕಿದೀನಿ."

ಅಷ್ಟೇ. ಗಾಡಿ ಸರೋವರದ ದಡ ಹಿಡಿದು ಸಾಗಿತು. ಗಾಳಿ ಹಿಮವನ್ನು ರಸ್ತೆಯ ಅಡ್ಡಕ್ಕೆ ತಳ್ಳುತ್ತಿತ್ತು. ಜಾನಲೀ ಕನ್ನಡಿಯಲ್ಲಿ ನೋಡುತ್ತಲೇ ಇದ್ದಳು. ಹೊಸ ಕಪ್ಪು ಸೂಟಿನಲ್ಲಿ ಹೈರಮ್ ಬಾಗಿಲಿಗೆ ಒತ್ತಿಕೊಂಡು ಕೂತಿದ್ದ, ಬಾಯಿ ತೆರೆದು ಉಸಿರಾಡುತ್ತಿದ್ದ. ಆ ಉಸಿರು ಅವಳಿಗೆ ಗೊತ್ತು. ನಾಲ್ಕು ವರ್ಷದ ಹಿಂದೆ ಫೋನಿನಲ್ಲಿ ಕೇಳಿದ್ದಳು.

ಲೋಗನ್ ಕಣಿವೆಯ ನಡುವೆ ಗಾಡಿಗಳ ಸಾಲು ನಿಂತಿತ್ತು. ಮುಂದೆ ಎಲ್ಲೋ ಒಂದು ದೊಡ್ಡ ಟ್ರಕ್ಕು ಜಾರಿ ರಸ್ತೆಗೆ ಅಡ್ಡ ಮಲಗಿದೆ ಎಂದು ಪೊಲೀಸಿನವನು ಕಿಟಕಿಯ ಬಳಿ ಬಂದು ಹೇಳಿ ಹೋದ. ಅರ್ಧ ಗಂಟೆಯಾಯಿತು. ವೆರ್ಲಿನ್ ಗಡಿಯಾರ ನೋಡಿದ.

"ಹತ್ತೂವರೆ ದಾಟಿದ್ರೆ ತಲುಪೋದು ಕಷ್ಟ," ಎಂದ. ಮತ್ತೆ ಐದು ನಿಮಿಷಕ್ಕೆ ಗಡಿಯಾರ ನೋಡಿದ.

"ಅಮ್ಮ, ಬಾಗಿಲು ತೆಗಿ," ಎಂದ ಹೈರಮ್. ದನಿ ಸಣ್ಣಗಿತ್ತು.

ಅವಳು ಬಾಗಿಲಿನ ಲಾಕು ತೆಗೆದಳು. ಅವನು ಇಳಿದ. ಸೂಟಿನ ಮೇಲೆ ಚಳಿಯ ಕೋಟಿಲ್ಲ, ಟೋಪಿಯಿಲ್ಲ, ನುಣುಪು ಅಟ್ಟೆಯ ಹೊಸ ಬೂಟಿನಲ್ಲಿ ಜಾರುತ್ತ ರಸ್ತೆಯಂಚು ದಾಟಿ ಹೊಳೆಯ ಕಡೆಗೆ ನಡೆಯತೊಡಗಿದ. ಹೊಳೆ ಅಂಚಿನಲ್ಲಿ ಹೆಪ್ಪುಗಟ್ಟಿತ್ತು, ನಡುವೆ ಕಪ್ಪಗೆ ಹರಿಯುತ್ತಿತ್ತು. ಅಷ್ಟರಲ್ಲಿ ಕೋಲ್ಬಿ ಇಳಿದು, ತನ್ನ ಜಾಕೆಟ್ಟನ್ನು ಬಿಚ್ಚುತ್ತಲೇ ತಮ್ಮನ ಹಿಂದೆ ಓಡಿದ್ದ.

ವೆರ್ಲಿನ್‌ನ ಕೈ ಬಾಗಿಲಿನ ಹಿಡಿಯ ಮೇಲೆ ಹೋಯಿತು.

"ಕೂತ್ಕೊ," ಎಂದಳು ಜಾನಲೀ. ಬಸ್ಸಿನ ಹಿಂದಿನ ಸೀಟಿನ ಪುಂಡರಿಗೆ ಬಳಸುವ ದನಿಯದು. ಗಂಡನ ಮೇಲೆ ಅದನ್ನು ಅವಳು ಎಂದೂ ಬಳಸಿರಲಿಲ್ಲ.

"ಬೇರೆ ಯಾರು ಹೋದ್ರೂ ಸರಿ, ಇವನೇ ಹೋಗ್ಬೇಕಾ? ಏನು ಹೇಳ್ತಾನೋ ಏನೋ."

"ಏನು ಬೇಕಾದ್ರೂ ಹೇಳ್ಲಿ." ಅವಳು ಹೊಳೆಯ ಕಡೆಯಿಂದ ಕಣ್ಣು ಕೀಳಲಿಲ್ಲ. "ಅವನು ನಾಲ್ಕು ಸಲ ಫೋನ್ ಮಾಡಿದ್ದ ವೆರ್ಲಿನ್. ಒಂದಲ್ಲ. ನಾಲ್ಕು ಸಲ ಬರ್ತೀನಿ ಅಂದ. ನಾಲ್ಕು ಸಲ ನಾನು ಬೇಡ ಅಂದೆ."

ಗಾಜಿನ ಮೇಲೆ ಅವರ ಉಸಿರು ಮಂಜಾಗಿ ಕೂತಿತು. ಅವಳು ಅಂಗೈಯಿಂದ ಒರೆಸಿದಳು. ಹೊಳೆಯ ಹತ್ತಿರ ಇಬ್ಬರು ಹುಡುಗರು ನಿಂತಿದ್ದರು, ಒಬ್ಬನ ಹೆಗಲ ಮೇಲೆ ಇನ್ನೊಬ್ಬನ ಜಾಕೆಟ್ಟು.

"ನಾನು ಎತ್ತಿದ್ರೂ ಅದನ್ನೇ ಹೇಳ್ತಿದ್ದೆ," ಎಂದ ವೆರ್ಲಿನ್.

"ಗೊತ್ತು. ಅದಕ್ಕೇ ನಿಂಗೆ ಹೇಳ್ಲಿಲ್ಲ. ಇಬ್ರೂ ಅದನ್ನೇ ಹೇಳ್ತಿದ್ವಲ್ಲ ಅಂತ ಸಮಾಧಾನ ಮಾಡ್ಕೊಳೋದು ನಂಗೆ ಬೇಕಿರ್ಲಿಲ್ಲ."

ಹದಿನೈದು ನಿಮಿಷವಾಗಿರಬೇಕು. ಮುಂದಿನ ಗಾಡಿಗಳ ಕೆಂಪು ದೀಪಗಳು ಒಂದೊಂದಾಗಿ ಆರಿದವು, ಸಾಲು ಅಲುಗಿತು. ಹಿಂದಿನವನು ಹಾರನ್ ಹೊಡೆದ. ಜಾನಲೀ ಗಾಡಿಯನ್ನು ಅಲುಗಿಸಲಿಲ್ಲ. ಅವನು ಇನ್ನೂ ಜೋರಾಗಿ ಹೊಡೆದು, ಪಕ್ಕದಿಂದ ದಾಟಿಕೊಂಡು ಬೈಯುತ್ತ ಹೋದ. ಕೊನೆಗೆ ಇಬ್ಬರೂ ಮೇಲೆ ಹತ್ತಿ ಬಂದರು. ಹೈರಮ್‌ನ ತುಟಿ ನೀಲಿಗಟ್ಟಿತ್ತು. ಬರಿ ಅಂಗಿಯಲ್ಲಿದ್ದ ಕೋಲ್ಬಿಯ ಕಿವಿ ಕೆಂಪಾಗಿತ್ತು.

"ಹೀಟರ್ ಜೋರು ಮಾಡಮ್ಮ," ಎಂದ ಕೋಲ್ಬಿ. "ಮಡಗಾಸ್ಕರ್ ತಲುಪೋಕೆ ಮುಂಚೆ ನಿನ್ನ ಮಗ ಇಲ್ಲೇ ಐಸ್ ಆಗ್ತಾನೆ."

"ಮನೆಗೆ ತಿರುಗಿಸ್ಲಾ?" ಎಂದು ಜಾನಲೀ ಕನ್ನಡಿಯಲ್ಲಿ ಹೈರಮ್‌ನನ್ನೇ ನೋಡಿ ಕೇಳಿದಳು.

"ಬೇಡಮ್ಮ. ನಡಿ."

ಪ್ರೋವೋ ತಲುಪಿದಾಗ ಒಂದಕ್ಕೆ ಎಂಟು ನಿಮಿಷವಿತ್ತು. ಅಲ್ಲಿ ಮನೆಯವರು ಒಳಗೆ ಹೋಗುವಂತಿಲ್ಲ. ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಬೇಕು, ಅಪ್ಪಿಕೊಳ್ಳಬೇಕು, ಹೊರಡಬೇಕು. ಹಿಂದೆ ಇನ್ನೂ ಗಾಡಿಗಳಿರುತ್ತವೆ. ಆಗಲೇ ಒಬ್ಬ ತರುಣ ನಗುತ್ತ ಬಂದು ಸೂಟ್‌ಕೇಸಿಗೆ ಕೈ ಹಾಕಿದ. "ಎಲ್ಡರ್ ನೆಬೆಕರ್? ಬನ್ನಿ, ಬನ್ನಿ."

ಧರ್ಮ ಸಾರಲು ಹೊರಟವರನ್ನು ಕರೆಯುವ ಆ ‘ಎಲ್ಡರ್’ ಹೆಸರಿನಲ್ಲಿ ಹೈರಮ್‌ನನ್ನು ಯಾರೋ ಕರೆದದ್ದು ಅದೇ ಮೊದಲು. ಅವನು ತಾಯಿಯ ಕಡೆ ತಿರುಗಿದ.

ಅವಳು ಅವನ ಎರಡೂ ಕೆನ್ನೆ ಹಿಡಿದಳು. ಬೆಳಗಿನಿಂದ ಕೂಡಿಹಾಕಿಕೊಂಡಿದ್ದ ಮಾತುಗಳಲ್ಲಿ ಅರ್ಧ ಮರೆತೇಹೋದವು. "ನೋಡು, ನೀನು ಚೆನ್ನಾಗಿ ಮಾಡ್ತೀಯ. ಅದ್ರಲ್ಲಿ ನಂಗೆ ಅನುಮಾನ ಇಲ್ಲ. ಆದ್ರೆ ಆಗ್ಲಿಲ್ಲ ಅಂದ್ರೆ ಫೋನ್ ಮಾಡು. ಕ್ರಿಸ್‌ಮಸ್ ತನಕ ಕಾಯ್ಬೇಡ. ನಾನು ಎತ್ತುತ್ತೀನಿ. ಬರ್ತೀನಿ ಅಂದ್ರೆ ವಿಮಾನದ ಹತ್ರ ನಾನೇ ನಿಂತಿರ್ತೀನಿ. ಯಾರ ಮುಂದೆ ಬೇಕಾದ್ರೂ ನಿನ್ನ ಕೈ ಹಿಡ್ಕೊಂಡು ಮಂದಿರದೊಳಗೆ ನಡೀತೀನಿ."

ಸೂಟ್‌ಕೇಸು ಹಿಡಿದ ತರುಣ ನೆಲ ನೋಡುತ್ತ ನಿಂತ. ವೆರ್ಲಿನ್ ಮುಂದೆ ಬಂದ. ಅವನ ಮುಖ ಬಿಳಚಿಕೊಂಡಿತ್ತು. ಈಗ ಬೈಯುತ್ತಾನೆ ಎಂದುಕೊಂಡಳು ಜಾನಲೀ.

"ಅಮ್ಮ ಹೇಳಿದ್ದು ಕೇಳಿಸ್ತಾ?" ಎಂದ ಅವನು ಮಗನಿಗೆ.

"ಹೂಂ ಅಪ್ಪ."

"ನಂದೂ ಅದೇ." ಅಷ್ಟು ಹೇಳಿ ಹುಡುಗನನ್ನು ಒರಟಾಗಿ ಅಪ್ಪಿ ಬಿಟ್ಟ. ಹೈರಮ್ ಅಣ್ಣನ ಜಾಕೆಟ್ಟನ್ನು ಕಳಚಲು ಹೋದ. "ಇಟ್ಕೊಳೋ," ಎಂದ ಕೋಲ್ಬಿ. "ರಬ್ಬರ್ ವಾಸ್ನೆ ಹೊಡಿಯುತ್ತೆ, ಯಾರೂ ಕದಿಯಲ್ಲ."

ವಾಪಸು ಹೊರಟು ಲೋಗನ್ ಕಣಿವೆಯ ಬಾಯಿ ತಲುಪಿದರು. ಆಮೇಲೆ ವೆರ್ಲಿನ್ ಹಿಂದೆ ತಿರುಗದೆ ಕೇಳಿದ, "ಹೊಳೆ ಹತ್ರ ಅವನಿಗೆ ಏನು ಹೇಳ್ದೆ?"

ಅಪ್ಪ ಇಂಥದೊಂದು ಕೇಳಿ ನಾಲ್ಕು ವರ್ಷವಾಗಿತ್ತು. ಕೋಲ್ಬಿ ಮುಂದಿನ ಸೀಟಿನ ಕಡೆಗೆ ಬಾಗಿದ. "ಹೋಗ್ಬೇಕೋ ಬೇಡ್ವೋ ಗೊತ್ತಾಗ್ತಿಲ್ಲ ಅಂದ. ಗೊತ್ತಿಲ್ದೆ ಹೋಗೋದೇ ವಾಸಿ ಕಣೋ ಅಂದೆ. ನಂಗೆ ಎಲ್ಲಾ ಗೊತ್ತು ಅಂದ್ಕೊಂಡು ಹೋಗಿದ್ದೆ. ಆಮೇಲೆ ಉಸಿರು ಎಣಿಸೋದು ಹೇಳ್ಕೊಟ್ಟೆ, ಡಾಕ್ಟ್ರು ನಂಗೆ ಹೇಳ್ಕೊಟ್ಟಿದ್ರಲ್ಲ, ಅದು."

"ಕೋಲ್ಬಿ," ಎಂದಳು ಜಾನಲೀ. ರಸ್ತೆ ಇಳಿಜಾರಾಗಿತ್ತು, ಕಣ್ಣು ತೆಗೆಯುವಂತಿರಲಿಲ್ಲ. "ಇವತ್ತು ಅವನಿಗೆ ಹೇಳಿದ್ದನ್ನ ಅವತ್ತು ನಿಂಗೆ ಹೇಳ್ಬೇಕಿತ್ತು."

"ಹೂಂ," ಎಂದ ಅವನು. "ಹೇಳಿದ್ರೆ ಆವಾಗ್ಲೇ ಬಂದ್ಬಿಡ್ತಿದ್ದೆ."

ಪರವಾಗಿಲ್ಲ ಎಂದು ಅವನು ಹೇಳಲಿಲ್ಲ. ಅವಳೂ ಅದನ್ನು ನಿರೀಕ್ಷಿಸಲಿಲ್ಲ. ಗೇರ್ ಇಳಿಸಿ ಗಾಡಿಯನ್ನು ತಿರುವಿನಲ್ಲಿ ಮೆಲ್ಲಗೆ ಬಿಟ್ಟಳು.

ಪ್ರೋವೋದ ರಸ್ತೆ ಬದಿಯಲ್ಲಿ ಸೊಸೆ ಹೇಳಿದ ಮಾತು ಹೇಗೋ ಆರ್ವಲ್ ತಾತನ ಕಿವಿಗೂ ಬಿತ್ತು. ಮೂರು ಭಾನುವಾರ ಅವರು ಅವಳ ಮನೆಯಲ್ಲಿ ಊಟ ಮಾಡಲಿಲ್ಲ. "ಮಾವ, ನಿಮ್ಮ ಪಾಲಿನದು ಒಲೆಯಲ್ಲಿ ಬಿಸಿಯಾಗಿಟ್ಟಿದೀನಿ," ಎಂದು ಅವಳು ಪ್ರತಿ ವಾರವೂ ಫೋನ್ ಮಾಡಿದಳು. ನಾಲ್ಕನೆಯ ವಾರ ಬಂದರು, ಮಾತಾಡದೆ ಉಂಡರು.

ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಫೋನ್ ಬಂತು. ಕ್ರಿಸ್‌ಮಸ್ ಅಲ್ಲ, ತಾಯಂದಿರ ದಿನ ಮುಗಿದು ತಿಂಗಳಾಗಿತ್ತು. ಹೈರಮ್‌ಗೆ ಜ್ವರ ಬಂದು ಹೋಗಿತ್ತು, ಜೊತೆಗಾರನೊಡನೆ ಹೊಂದುತ್ತಿರಲಿಲ್ಲ, ಮನೆಮನೆಯ ಬಾಗಿಲು ತಟ್ಟುವಾಗ ಹೊಳೆಯ ದಡದ ಆ ಉಸಿರು ಮತ್ತೆ ಬರುತ್ತಿತ್ತು. ಅವಳು ಕೇಳಿದಳು. ಇರು ಎನ್ನಲಿಲ್ಲ, ಬಾ ಎನ್ನಲೂ ಇಲ್ಲ. ನಡುವೆ ಅವನು ಅಳುತ್ತ ಮಾತು ನಿಲ್ಲಿಸಿದಾಗಲೂ ಫೋನ್ ಇಡಲಿಲ್ಲ. ವೆರ್ಲಿನ್ ಹುಲ್ಲು ಕೊಯ್ಯುವ ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದ. ನಲವತ್ತು ನಿಮಿಷದ ಮೇಲೆ ಹೈರಮ್ ಮೂಗೊರೆಸಿಕೊಂಡು, "ಗುರುವಾರದ ತನಕ ನೋಡ್ತೀನಮ್ಮ," ಎಂದ.

ಗುರುವಾರ ಜಾನಲೀ ಎಲ್ಲೂ ಹೋಗಲಿಲ್ಲ. ಬೆಳಗಿನಿಂದ ಫೋನಿನ ಪಕ್ಕದಲ್ಲೇ ಬಟಾಣಿ ಬಿಡಿಸುತ್ತ ಕೂತಳು. ಫೋನ್ ಬರಲಿಲ್ಲ. ಸಂಜೆ ಅವನು ಸರಿಯಿದ್ದಾನೆಂದು ಖುಷಿಪಡಬೇಕೋ ಹೆದರಬೇಕೋ ತಿಳಿಯದೆ ಹಿತ್ತಲಿನಲ್ಲಿ ಸುಮ್ಮನೆ ಓಡಾಡಿದಳು. ಮುಂದಿನ ವಾರದ ಪತ್ರದಲ್ಲಿ ಬರೀ ಅನ್ನದ ಸುದ್ದಿ, ಹೊಸ ಜೊತೆಗಾರನ ಗೊರಕೆಯ ಸುದ್ದಿ.

ಅವನು ಎರಡು ವರ್ಷ ಮುಗಿಸಿಯೇ ಬಂದ. ಬಂದವನು ಮೊದಲ ವಾರ ಇಂಗ್ಲಿಷ್ ಪದಗಳಿಗೆ ತಡಕಾಡುತ್ತಿದ್ದ. ಕೋಲ್ಬಿ ಅಷ್ಟರಲ್ಲಿ ಪೊಕಟೆಲೊ ಪಟ್ಟಣಕ್ಕೆ ಹೋಗಿ ಡೀಸೆಲ್ ಎಂಜಿನ್ ಕೆಲಸ ಕಲಿಯುತ್ತಿದ್ದ. ಮಂದಿರಕ್ಕೆ ಅವನು ಇಂದಿಗೂ ಬರುವುದಿಲ್ಲ, ಅಪ್ಪನಿಗೆ ಮಾತ್ರ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ.

ಜಾನಲೀ ಇನ್ನೂ ಹನ್ನೆರಡು ವರ್ಷ ಬಸ್ಸು ಓಡಿಸಿದಳು. ಒಂದು ವಸಂತದಲ್ಲಿ, ಮಕ್ಕಳನ್ನೆಲ್ಲ ಇಳಿಸಿ ಬಸ್ಸು ನಿಲ್ಲಿಸಿದ ಮೇಲೆ, ನೆರೆಮನೆಯ ಪ್ಯಾಸಿ, ಮಂದಿರದವರೆಲ್ಲ ಸಿಸ್ಟರ್ ಪ್ಯಾಸಿ ಎನ್ನುವವಳು, ಮೆಟ್ಟಿಲು ಹತ್ತಿ ಬಂದಳು. ಅವಳ ಮಗ ಧರ್ಮ ಸಾರಲು ಘಾನಾಕ್ಕೆ ಹೋಗಿದ್ದ. ಬೆಳಗ್ಗೆಯಿಂದ ಎರಡು ಸಲ ಫೋನ್ ಮಾಡಿದ್ದನಂತೆ, ಅವಳು ಎತ್ತಿರಲಿಲ್ಲ.

"ಎತ್ತಿದ್ರೆ ಏನು ಹೇಳ್ಲಿ ಜಾನಲೀ? ಬಾ ಅಂದ್ರೆ ಅವನ ಬದುಕು ಹಾಳಾಗುತ್ತೆ ಅಂತಾರೆ ನಮ್ಮನೆಯೋರು."

"ನೀನೇನೂ ಹೇಳ್ಬೇಡ. ಅವನು ಹೇಳ್ಲಿ. ಇಲ್ಲೇ ಕೂತ್ಕೊಂಡು ಮಾಡು."

ಸಿಸ್ಟರ್ ಪ್ಯಾಸಿ ಮೂರನೆಯ ಸೀಟಿನಲ್ಲಿ ಕೂತು ಒಂದು ಗಂಟೆ ಫೋನ್ ಕಿವಿಗಿಟ್ಟುಕೊಂಡಿದ್ದಳು. ಜಾನಲೀ ಹಿಂದಿನಿಂದ ಮುಂದಕ್ಕೆ ಬಸ್ಸು ಗುಡಿಸಿದಳು. ಆ ಹುಡುಗ ಮುಂದಿನ ವಾರವೇ ಮನೆಗೆ ಬಂದ. ಅವತ್ತು ಆ ಮನೆಯ ಬಾಗಿಲಿಗೆ ಬೇರೆ ಯಾರೂ ಬರಲಿಲ್ಲ. ಜಾನಲೀ ಮತ್ತು ವೆರ್ಲಿನ್ ಆಲೂಗಡ್ಡೆಯ ಬೋಗುಣಿ ಹಿಡಿದುಕೊಂಡು ಹೋಗಿ, ಹುಡುಗನನ್ನು ಮಾತಾಡಿಸಿ, ಕತ್ತಲಾಗುವ ಮುಂಚೆ ಎದ್ದು ಬಂದರು.